ಟವೆಲ್ಲಿನ ಎರಡು ಗಂಟು

ಸಂಜೆಯ ಹೊತ್ತಿನಲ್ಲಿ ಅವನು ಯಾವುದನ್ನೂ ಕೈಯಲ್ಲಿ ತೂಗಿ ನೋಡುತ್ತಿರಲಿಲ್ಲ. ದಿನವಿಡೀ ಕಟಾವು ಮಷೀನು ನಡೆಸಿದವನ ಅಂಗೈ ಸಂಜೆಗೆ ಜೋಮು ಹಿಡಿದಿರುತ್ತದೆ. ಸ್ಟೇರಿಂಗ್ ಬಿಟ್ಟು ಎಷ್ಟೋ ಹೊತ್ತಾದ ಮೇಲೂ ಒಳಗೆ ಏನೋ ನಡುಗುತ್ತಿರುತ್ತದೆ. ಚಹಾದ ಕಪ್ಪು ಹಿಡಿದರೆ ಬಿಸಿಯೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಹೊಲದಲ್ಲಿ ಆರಿಸಿಕೊಂಡ ಸೋಯಾ ಕಾಳನ್ನು ಅವನು ಹೆಗಲ ಮೇಲಿನ ಟವೆಲ್ಲಿನ ತುದಿಯ ಚುಂಗಿಗೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದ. ಎಷ್ಟು ಬಿದ್ದಿದೆ, ಯಾವುದು ಹೆಚ್ಚು ಎಂದು ನಾನು ಕೇಳಿದರೆ ಒಂದೇ ಮಾತು: "ಈಗ ಬ್ಯಾಡ. ಕೈ ಆರ್ಲಿ. ಮುಂಜಾನಿ ಹೇಳ್ತೀನಿ."

ಅವನು ತೀರಿಕೊಂಡು ಎರಡು ತಿಂಗಳ ಮೇಲಾಯಿತು. ತಿಕೋಟಾದ ಹೊರಗೆ, ಬಬಲೇಶ್ವರದ ದಾರಿಯಲ್ಲಿರುವ ನಮ್ಮ ತಗಡಿನ ಶೆಡ್ಡಿನಲ್ಲಿ ಮಷೀನು ನಿಂತಲ್ಲೇ ನಿಂತಿದೆ. ನಾನು ಆಗೀಗ ವಿಜಯಪುರದಿಂದ ಹೋಗಿ ಬೀಗ ತೆಗೆದು, ಸ್ವಲ್ಪ ಹೊತ್ತು ಒಳಗೆ ನಿಂತು, ಮತ್ತೆ ಬೀಗ ಹಾಕಿಕೊಂಡು ಬರುತ್ತೇನೆ. ಬ್ಯಾಟರಿ ಇಳಿಯದಂತೆ ಹೋದಾಗೊಮ್ಮೆ ಚಾಲೂ ಮಾಡಬೇಕು ಎಂದು ಅವನು ಹೇಳುತ್ತಿದ್ದ. ನಾನು ಮಾಡಿಲ್ಲ. ಆ ಸದ್ದು ಎದ್ದರೆ ಅವನು ಎಲ್ಲಿಂದಲೋ ಬಂದು "ರೇಸ್ ಕಡಿಮಿ ಮಾಡೋ" ಎನ್ನಬೇಕು. ಬರುವುದಿಲ್ಲ. ಇಂಜಿನ್ ಸದ್ದು ಒಂದೇ ಇರುತ್ತದೆ. ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಾವಿಬ್ಬರೂ ತಿಕೋಟಾದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ನಮ್ಮ ಅಪ್ಪ ವಿಜಯಪುರಕ್ಕೆ ಬಂದು ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿದ್ದರಿಂದ ನಾನು ಊರು ಬಿಟ್ಟೆ. ಅವನು ಬಿಡಲಿಲ್ಲ. ಬೇರಿಂಗು, ಪಟ್ಟಾ ಎಂದು ಏನಾದರೂ ನೆಪ ಮಾಡಿಕೊಂಡು ಅಂಗಡಿಗೆ ಬರುತ್ತಿದ್ದ. ಬಂದವನು ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ. ಬಾಗಿಲ ಪಕ್ಕ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂಡುತ್ತಿದ್ದ. ಯಾಕೆಂದು ಕೇಳಿದರೆ, "ಕುರ್ಚಿ ಮ್ಯಾಲ ಕುಂತ್ರ ಗಿರಾಕಿ ಆಗ್ತೀನಿ, ಸಾಹುಕಾರ್ರ. ಟಾಯರ್ ಮ್ಯಾಲ ಕುಂತ್ರ ಮನಿಯಾಂವ" ಎನ್ನುತ್ತಿದ್ದ. ನಾನು ಎಂದೂ ಸಾಹುಕಾರನಾಗಿರಲಿಲ್ಲ. ಅವನೊಬ್ಬನೇ ಹಾಗೆ ಕರೆಯುತ್ತಿದ್ದುದು, ಅದೂ ಅಣಕಕ್ಕೆ.

ಪ್ರವಾಸಿಗರು ಓಣಿಯಲ್ಲಿ ದಾರಿ ತಪ್ಪಿ ಬಂದು ಗೋಳಗುಮ್ಮಟ ಎಲ್ಲಿ ಎಂದು ಕೇಳಿದರೆ ಅವನು ಗಂಭೀರವಾಗಿ ತಲೆ ಎತ್ತಿ ಆಕಾಶ ನೋಡಿ, "ಅಷ್ಟ ದೊಡ್ಡದು ನಿಮಗ ಕಾಣವಲ್ದಂದ್ರ ನಮ್ಮ ಅಂಗಡಿ ಹೆಂಗ ಕಂಡಿತ್ರಿ?" ಎನ್ನುವನು. ಆಮೇಲೆ ತಾನೇ ಎದ್ದು ಅವರ ಜೊತೆ ತಿರುವಿನ ತನಕ ಹೋಗಿ ಬಿಟ್ಟು ಬರುವನು. ಅವರು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿ ಬರುತ್ತಿದ್ದ. ಅದರಲ್ಲಿ ಅರ್ಧ ಸುಳ್ಳಿರುತ್ತಿತ್ತು.

ಹರೆಯದಲ್ಲಿ ಅವನು ಸುಗ್ಗಿಯ ದಿನಗಳಲ್ಲಿ ಪಂಜಾಬಿನಿಂದ ಬರುವ ಕಟಾವು ಮಷೀನಿನವರ ಜೊತೆ ಸೇರಿ ಮಹಾರಾಷ್ಟ್ರದ ಕಡೆ ತಿರುಗಿದ್ದ. ಮೊದಲು ಅವರ ಅಡುಗೆ ಮಾಡಿದ, ಆಮೇಲೆ ಗ್ರೀಸು ಹಾಕಿದ, ಕೊನೆಗೆ ಸ್ಟೇರಿಂಗ್ ಹಿಡಿದ. ನಮ್ಮ ಕಡೆ ಕಾಲುವೆ ನೀರು ಬಂದು ಅಲ್ಲಲ್ಲಿ ಸೋಯಾ ಬಿತ್ತಲು ಶುರುವಾದಾಗ ಒಂದು ದಿನ ಟೈರಿನ ಮೇಲೆ ಕೂತು, "ಮಂದಿ ಮಷೀನ ಎಷ್ಟ ದಿನ ಓಡ್ಸೂದು? ನಾವ ಒಂದ ತರೂಣ" ಎಂದ. ತಂದೆವು. ಹಳೆಯದೇ. ನಡೆಸುವುದು ಅವನ ಪಾಲು. ಹೊಲ ಗೊತ್ತು ಮಾಡುವುದು, ಡೀಸೆಲ್, ಟ್ರ್ಯಾಕ್ಟರ್ ನನ್ನ ಪಾಲು.

ಮಷೀನಿನ ಮುಂದೆ ಬೆಳೆ ಕತ್ತರಿಸಿ ಒಳಗೆ ತಳ್ಳುವ ಅಗಲವಾದ ಭಾಗವಿರುತ್ತದೆ. ಎಲ್ಲರೂ ಅದನ್ನು ಹೆಡ್ ಎನ್ನುತ್ತಾರೆ. ಅವನು ಬಾಯಿ ಎನ್ನುತ್ತಿದ್ದ. ಮಷೀನಿನ ಜೊತೆಗೇ ಬಂದದ್ದು ಸುರುಳಿಯ ಬಾಯಿ. ಅಡ್ಡಲಾಗಿ ಮಲಗಿಸಿದ ದೊಡ್ಡದೊಂದು ಸ್ಕ್ರೂ ತಿರುಗುತ್ತಾ, ಕತ್ತರಿಸಿದ ಗಿಡಗಳನ್ನು ಎರಡೂ ಕಡೆಯಿಂದ ನಡುವಿಗೆ ನೂಕುತ್ತದೆ. ಗೋದಿಗೆ ಅದು ಸಾಕು. ಸೋಯಾ ಬೇರೆ. ಒಣಗಿದ ಸೋಯಾ ಕಾಯಿ ಮುಟ್ಟಿದರೆ ಮುನಿಯುತ್ತದೆ. ಸುರುಳಿಗೆ ಸಿಕ್ಕು ತಿರುಚಿದರೆ ಅಲ್ಲೇ ಸಿಡಿದು ಕಾಳು ನೆಲಕ್ಕೆ ಬೀಳುತ್ತದೆ. ಅದರ ಮೇಲೆ ಸೋಯಾದ ಕೆಳಗಿನ ಕಾಯಿಗಳು ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿರುತ್ತವೆ. ಬಗ್ಗದ ಬ್ಲೇಡು ಅವನ್ನು ಗಿಡದ ಬುಡದಲ್ಲೇ ಬಿಟ್ಟು ಹೋಗುತ್ತದೆ.

ಇನ್ನೊಂದು ಪಟ್ಟಾದ ಬಾಯಿ. ಡ್ರೇಪರ್ ಎನ್ನುತ್ತಾರೆ. ಅದರಲ್ಲಿ ಸುರುಳಿಯ ಬದಲು ರಬ್ಬರಿನ ಅಗಲವಾದ ಪಟ್ಟಾಗಳು ಹರಿಯುತ್ತವೆ. ಗಿಡ ಕತ್ತರಿಸಿ ಬಿದ್ದದ್ದು ಪಟ್ಟಾದ ಮೇಲೆಯೇ. ಹಾಗೇ ಮಲಗಿಕೊಂಡು ನಡುವಿನ ಪಟ್ಟಾಕ್ಕೆ ಬಂದು ಒಳಗೆ ಹೋಗುತ್ತದೆ. ಬ್ಲೇಡು ನೆಲದ ಉಬ್ಬು ತಗ್ಗಿಗೆ ತಕ್ಕಂತೆ ಬಾಗುತ್ತದೆ. ಮಹಾರಾಷ್ಟ್ರದಲ್ಲಿ ಅದನ್ನು ಒಮ್ಮೆ ನೋಡಿ ಬಂದವನು ಹೇಳಿದ್ದು ನೆನಪಿದೆ: "ಹಡದಾಕಿನ್ನ ಎತ್ತಿ ಹಾಸಿಗಿ ಮ್ಯಾಲ ಹಾಕಿದಂಗ ಹಾಕ್ತೈತಿ ನೋಡು. ಒಂದ ಕಾಯಿ ನೋಯೂದಿಲ್ಲ." ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರುತ್ತಿತ್ತು ಎಂದು ನನಗೆ ಗೊತ್ತು. ಆದರೂ ಆ ಮಾತು ಹೇಳುವಾಗ ಅವನು ಎರಡೂ ಕೈ ಚಾಚಿ ಏನನ್ನೋ ಮಲಗಿಸಿದ ರೀತಿ ಈಗಲೂ ಕಣ್ಣ ಮುಂದಿದೆ.

ಮಷೀನು ನಡೆಸುವಾಗ ಅವನಿಗೆ ಅವಸರ ಆಗುತ್ತಿರಲಿಲ್ಲ. ಹಿಂದೆ ಕಾಯುವ ರೈತರು ಜೋರಾಗಿ ಹೋಗು ಎಂದರೆ, "ಮದುವಿ ಮೆರವಣಿಗಿ ಓಡ್ಕೊಂತ ಹೋಗ್ತೈತೇನು?" ಎನ್ನುತ್ತಿದ್ದ. ಹೊಲಕ್ಕೆ ಇಳಿಯುವ ಮೊದಲು ಒಂದು ಕಾಯಿ ಕಿತ್ತು ಕಿವಿಯ ಹತ್ತಿರ ಹಿಡಿದು ಒಡೆಯುವನು. ಆ ಸದ್ದು ಹಿಡಿಸಲಿಲ್ಲವೆಂದರೆ ಬದುವಿನ ಮೇಲೆ ಕೂತುಬಿಡುವನು. ರೈತ ಬೈಯುವನು, ನಾನು ಗೋಗರೆಯುವೆನು, ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಇರುವನು. ಬಿಸ್ಕತ್ತು ಮುರಿದು ಚಹಾದಲ್ಲಿ ಬಿದ್ದರೆ ಮಾತ್ರ ಸಿಟ್ಟಿಗೇಳುತ್ತಿದ್ದ. ಅದಕ್ಕೂ ನಾನೇ ಕಾರಣ: "ನೀ ಮಾತಾಡ್ಸಿದಿ, ಅದಕ್ಕ ಬಿತ್ತು."

ಅವನು ಹೀಗೆ ಹಟಮಾರಿ ಆದದ್ದು ಮೊದಲ ವರ್ಷದ ನಂತರ. ಅದಕ್ಕೆ ಕಾರಣ ಘೋಣಸಗಿಯ ಒಬ್ಬ ಮುದುಕಿ, ನಾವು ಆಯಿ ಎನ್ನುತ್ತಿದ್ದವಳು.

ಆ ವರ್ಷ ಅವಳ ಹೊಲಕ್ಕೆ ನಾವೇ ಮಷೀನು ಇಳಿಸಿದೆವು. ಸುರುಳಿಯ ಬಾಯಿ, ನೆತ್ತಿಯ ಮೇಲೆ ಬಿಸಿಲು, ಕಾಯಿ ಚೆನ್ನಾಗಿ ಒಣಗಿತ್ತು. ಬೇಗ ಮುಗಿಯಿತು ಎಂದು ಇಬ್ಬರೂ ಖುಷಿಯಲ್ಲಿದ್ದೆವು. ತಿರುಗಿ ನೋಡಿದರೆ ಮಷೀನಿನ ಹಿಂದೆ ಕರಿಯ ನೆಲ ಹಳದಿಯಾಗಿತ್ತು. ಅಷ್ಟು ಕಾಳು ಬಿದ್ದಿತ್ತು. ಆಯಿ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಸೀರೆಯ ಸೆರಗನ್ನು ಉಡಿ ಮಾಡಿಕೊಂಡು ಅಲ್ಲೇ ಕೂತು ಎರಡೂ ಕೈಯಿಂದ ಆರಿಸತೊಡಗಿದಳು. ಅವನು ಮಷೀನಿನಿಂದ ಇಳಿದು ಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾನೂ ಆರಿಸಲು ಕೈ ಹಾಕಿದ.

"ನೀ ಏಳು" ಎಂದಳು ಆಯಿ. "ನಿನ್ನ ಮಷೀನ ಉಗುಳಿದ್ದನ್ನ ನಾ ಆರಿಸ್ಕೋತೀನಿ."

ಅವನು ಏಳಲಿಲ್ಲ. ಹೊತ್ತು ಮುಳುಗುವ ತನಕ ಇಬ್ಬರೂ ಆರಿಸಿದರು. ನೆಲದಲ್ಲಿ ಉಳಿದದ್ದೇ ಹೆಚ್ಚು.

ಆಮೇಲೆ ಅವನು ಘೋಣಸಗಿಗೆ ಹೋಗಬೇಕಾದರೆ ಅವಳ ಹೊಲದ ಪಕ್ಕದ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಬೇರೆಯವರ ಹೊಲಗಳಲ್ಲೂ ಕಾಳು ಬಿದ್ದಿತ್ತು. ಅವರು ಬೈದರು, ಮರೆತರು. ಬೈಯದೇ ಇದ್ದವಳನ್ನು ಅವನು ಮರೆಯಲಿಲ್ಲ. "ಆ ಆಯಿ ಹೊಲಾ ಒಮ್ಮಿ ಸ್ವಚ್ಛ ಕೊಯ್ದು ಕೊಡ್ಬೇಕಲೇ. ಆಮ್ಯಾಲ ಮಷೀನ ಮಾರಿದ್ರೂ ನಡಿತೈತಿ" ಎಂದು ಎಷ್ಟೋ ಸಲ ಹೇಳಿದ್ದ. ಅವನಿಗೆ ಮಷೀನಿನಿಂದ ಬೇಕಾಗಿದ್ದದ್ದು ಅಷ್ಟೇ. ನನಗೆ ಇನ್ನೂ ಏನೇನೋ ಬೇಕಾಗಿತ್ತು. ಅವನಿಗೆ ಅದೊಂದೇ.

ಪಟ್ಟಾದ ಬಾಯಿ ನಮಗೆ ಸಿಕ್ಕಿದ್ದು ಹೋದ ವರ್ಷ. ಲಾತೂರಿನ ಕಡೆಯ ಒಬ್ಬರು ಬಳಸಿ ಬಿಟ್ಟದ್ದು. ಒಂದು ಪಟ್ಟಾ ಹರಿದಿತ್ತು, ಬ್ಲೇಡಿನ ಹಲ್ಲು ಅರ್ಧ ಹೋಗಿದ್ದವು. ಬೇಸಿಗೆ ಪೂರ್ತಿ ಅವನು ಅದರ ಕೆಳಗೆ ಮಲಗಿದ. ಹೊಸ ಬಾಯಿ ಬಂದಮೇಲೆ ಹಳೆಯದನ್ನು ಮಾರಿಬಿಡೋಣ ಎಂದು ನಾನೆಂದೆ. ಒಪ್ಪಲಿಲ್ಲ.

"ಹಳೇದು ಇಲ್ದ ಹೊಸಾದು ಛಲೋ ಅಂತ ಹೆಂಗ ಹೇಳ್ತೀ?"

ಹಾಗಾಗಿ ಎರಡೂ ಬಾಯಿಗಳನ್ನು ಒಂದರ ಹಿಂದೆ ಒಂದು ಟ್ರೇಲರಿನಲ್ಲಿ ಎಳೆದುಕೊಂಡು ಊರೂರು ಹೋಗುತ್ತಿದ್ದೆವು. ಬಬಲೇಶ್ವರದ ಚಹಾದಂಗಡಿಯವನು ನಮ್ಮನ್ನು ಕಂಡ ಕೂಡಲೇ, "ಬಂದ್ರಪಾ ಎರಡ ಬಾಯಿ ಮಂದಿ. ಒಂದ್ರಾಗ ಉಣ್ತೀರಿ, ಒಂದ್ರಾಗ ಸುಳ್ಳ ಹೇಳ್ತೀರಿ" ಎನ್ನುತ್ತಿದ್ದ. ನಮ್ಮವನೂ ಬಿಡುತ್ತಿರಲಿಲ್ಲ. "ನಿನ್ನ ಚಹಾ ಕುಡ್ಯಾಕ ಮೂರನೇದೊಂದು ಬಾಯಿ ಬೇಕು. ಈ ಎರಡೂ ಒಲ್ಲೆ ಅಂತಾವ."

ಹೋಲಿಸಿ ನೋಡುವುದಕ್ಕೆ ಅವನದೇ ಒಂದು ಪದ್ಧತಿ ಇತ್ತು. ಮಷೀನು ಹಾದುಹೋದ ಮೇಲೆ ಕೊಯ್ದ ನೆಲದಲ್ಲಿ ತನ್ನ ಟವೆಲ್ಲು ಹಾಸುವನು. ಅದರ ಸುತ್ತ ಕಟ್ಟಿಗೆಯಿಂದ ಗೆರೆ ಎಳೆದು, ಟವೆಲ್ಲು ಎತ್ತಿ, ಗೆರೆಯೊಳಗೆ ಬಿದ್ದ ಕಾಳನ್ನೆಲ್ಲ ಆರಿಸಿ ಒಂದು ಚುಂಗಿಗೆ ಗಂಟು ಹಾಕುವನು. ಇನ್ನೊಂದು ಬಾಯಿ ಕೊಯ್ದಲ್ಲೂ ಹಾಗೆಯೇ ಮಾಡಿ ಇನ್ನೊಂದು ಚುಂಗಿಗೆ. ಎಣಿಸುತ್ತಿರಲಿಲ್ಲ. ಅಂಗಡಿಯ ತಕ್ಕಡಿ ತರುತ್ತೇನೆ ಎಂದರೆ, "ತಕ್ಕಡಿ ನಿನ್ನ ಅಂಗಡ್ಯಾಗಿರ್ಲಿ" ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ಎದ್ದು, ಮುಖ ತೊಳೆದು, ಒಂದೊಂದು ಗಂಟನ್ನು ಒಂದೊಂದು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ಕೂಡುವನು. ಆಮೇಲೆ ತೀರ್ಪು.

ಆ ವರ್ಷ ಅವನ ತೀರ್ಪು ಪಟ್ಟಾದ ಕಡೆಗೇ ಬಂತು. ಹೊಸದರ ಗಂಟು ಹಗುರ, ಹಳೆಯದರ ಗಂಟು ಭಾರ. ಹಿಗ್ಗಿ ಊರೆಲ್ಲ ಹೇಳಿಕೊಂಡು ತಿರುಗಿದ. ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟದವರಿಗೂ ಹೇಳಿದ. ಅವರಿಗೆ ಸೋಯಾದ ಗೊಡವೆಯೇ ಇರಲಿಲ್ಲ. ಸುಗ್ಗಿ ಮುಗಿದು ಸುಮಾರು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಟೈರಿನ ಮೇಲೆ ಕೂತವನ ಮುಖ ಇಳಿದಿತ್ತು.

"ನಾ ಮೋಸ ಮಾಡೀನಲೇ."

"ಯಾರಿಗಿ?"

"ಎಲ್ಲಾರ್ಗೂ. ಪಟ್ಟಾದ ಬಾಯಿ ಹಚ್ಚಿ ಯಾವಾಗ ಕೊಯ್ತಿದ್ದೆ ನಾ?"

"ಮುಂಜಾನಿ."

"ಹಳೇದು?"

"ಊಟ ಆದಮ್ಯಾಲ." ಎನ್ನುವಷ್ಟರಲ್ಲಿ ನನಗೂ ತಿಳಿಯಿತು. ಬಾಯಿ ಬದಲಿಸುವುದು ದೊಡ್ಡ ಕೆಲಸವಾದ್ದರಿಂದ ಹೊಸದನ್ನು ಬೆಳಿಗ್ಗೆ ಹಚ್ಚಿ, ಊಟದ ಹೊತ್ತಿಗೆ ಬಿಚ್ಚಿ, ಆಮೇಲೆ ಹಳೆಯದನ್ನು ಹಚ್ಚುತ್ತಿದ್ದೆವು. ಬೆಳಗಿನ ಇಬ್ಬನಿಗೆ ಕಾಯಿ ಮೆತ್ತಗಿರುತ್ತದೆ, ಸಿಡಿಯುವುದಿಲ್ಲ. ಮಧ್ಯಾಹ್ನ ಯಾವ ಬಾಯಿ ಹಚ್ಚಿದರೂ ಸಿಡಿಯುತ್ತದೆ. ಅವನು ಹೋಲಿಸಿದ್ದು ಎರಡು ಬಾಯಿಗಳನ್ನಲ್ಲ, ಬೆಳಗನ್ನೂ ಮಧ್ಯಾಹ್ನವನ್ನೂ.

ಇಷ್ಟು ದೊಡ್ಡ ವಿಷಯ ಇಬ್ಬರಿಗೂ ಒಂದು ಸುಗ್ಗಿಯಿಡೀ ಹೊಳೆದಿರಲಿಲ್ಲ. ನಾನು ನಕ್ಕೆ. ಅವನು ನಗಲಿಲ್ಲ. ಮರುದಿನದಿಂದ, ಯಾರ್‍ಯಾರ ಮುಂದೆ ಹಿಗ್ಗಿ ಹೇಳಿದ್ದನೋ ಅವರವರ ಮನೆಗೇ ಹೋಗಿ, "ನಾ ಹೇಳಿದ್ದು ಖರೇ ಅಲ್ರಿ. ಖರೇನೂ ಇರಬಹುದು. ನನಗ ಗೊತ್ತಿಲ್ಲ" ಎಂದು ಹೇಳಿ ಬಂದ. ಹಲವರಿಗೆ ಅವನು ಮೊದಲು ಏನು ಹೇಳಿದ್ದ ಎಂಬುದೇ ನೆನಪಿರಲಿಲ್ಲ. ದ್ರಾಕ್ಷಿ ತೋಟದವರು ಚಹಾ ಕುಡಿಸಿ ಕಳಿಸಿದರಂತೆ.

ಈ ವರ್ಷ ಮುಂಗಾರಿನ ಬಿತ್ತಿಗೆಯ ಹೊತ್ತಿಗೆ ಅವನು ಘೋಣಸಗಿಗೆ ಹೋಗಿ ಆಯಿಯ ಕಟ್ಟೆಯ ಮೇಲೆ ಕೂತ. ಹೋಗುವುದು ಹೊಸದಲ್ಲ. ಪ್ರತಿ ವರ್ಷ ಹೋಗಿ ಕೇಳುತ್ತಿದ್ದ, ಅವಳು ಬೇಡ ಎನ್ನುತ್ತಿದ್ದಳು. ಆಳು ಹಚ್ಚಿ ಕೈಯಿಂದಲೇ ಕೊಯ್ಯಿಸುತ್ತಿದ್ದಳು. ಆ ದಿನ ನಾನೂ ಜೊತೆಗಿದ್ದೆ.

"ಹೊಸಾ ಬಾಯಿ ತಂದೀನಿ, ಬೇ. ಪಟ್ಟಾದ್ದು."

"ಛಲೋ ಐತೇನು?"

ನಾನು ಹೌದೆನ್ನಲು ಬಾಯಿ ತೆರೆದೆ. ಅವನು ನನ್ನ ತೊಡೆಯ ಮೇಲೆ ಕೈಯಿಟ್ಟ. "ಗೊತ್ತಿಲ್ಲ" ಎಂದ. "ಒಂದ ಹೊತ್ತಿನ್ಯಾಗ, ಒಂದ ಹೊಲದಾಗ ಎರಡೂ ಹಚ್ಚಿ ನೋಡಿಲ್ಲ."

ಅಷ್ಟು ವರ್ಷ ಛಲೋ ಐತಿ ಎಂದಾಗ ಒಪ್ಪದವಳು ಗೊತ್ತಿಲ್ಲ ಎಂದಾಗ ಒಪ್ಪಿದಳು. "ಹಂಗಿದ್ರ ನನ್ನ ಹೊಲದಾಗ ಹಚ್ಚಿ ನೋಡು. ಬೇವಿನ ಗಿಡದ ಕಡೀ ತುಂಡು ಹಳೇದ್ರಲೆ ಕೊಯ್ಯಿ. ಉಳಿದಿದ್ದು ಹೊಸಾದ್ರಲೆ."

"ಹಳೇದ್ರಲೆ ಕೊಯ್ದ್ರ ಆ ತುಂಡು ಹಾಳಾಗ್ತೈತಿ, ಬೇ."

"ಒಮ್ಮಿ ಆಗೇತಲ್ಲ, ಮತ್ತೊಮ್ಮಿ ಆಗ್ಲಿ. ನೋಡಿಲ್ಲ ಅಂದಿ, ನೋಡೂಣ."

ಹಿಂದಿರುಗುವಾಗ ಅವನು ಸುತ್ತು ಹಾಕಲಿಲ್ಲ. ಅವಳ ಹೊಲದ ಪಕ್ಕದ ದಾರಿಯಲ್ಲೇ ಗಾಡಿ ಹೊಡೆಸಿದ. ಆಗ ಹೊಲದಲ್ಲಿ ಇನ್ನೂ ಏನೂ ಇರಲಿಲ್ಲ, ಹಸಿ ಮಣ್ಣಷ್ಟೇ. ಅದನ್ನೇ ಕಣ್ಣು ತುಂಬ ನೋಡಿದ.

ಕಟಾವಿನ ದಿನ ಅವನ ಮುಖ ಸಪ್ಪಗಿತ್ತು. ಎದೆ ಉರಿಯುತ್ತಿದೆ, ಹಿಂದಿನ ದಿನ ತಿಂದ ಮಿರ್ಚಿ ಎಂದ. ಸೋಡಾ ಕುಡಿದ. ಇಬ್ಬನಿ ಆರಲಿ ಎಂದು ಬದುವಿನ ಮೇಲೆ ಕೂತ. ಕಾಯಿ ಕಿವಿಗೆ ಹಿಡಿದು ಒಡೆದ, ಇನ್ನೂ ಸ್ವಲ್ಪ ಎಂದ. ಬಿಸಿಲು ಏರಿದ ಮೇಲೆ ಹಳೆಯ ಬಾಯಿಯಿಂದ ಬೇವಿನ ಗಿಡದ ಕಡೆಯ ತುಂಡು ಕೊಯ್ದ. ಇಳಿದು ಟವೆಲ್ಲು ಹಾಸಿ ಕಾಳು ಆರಿಸಿ ಗಂಟು ಹಾಕಿದ. ಬಾಯಿ ಬದಲಿಸುವುದಕ್ಕೆ ಎರಡು ಆಳುಗಳನ್ನು ಮೊದಲೇ ನಿಲ್ಲಿಸಿಕೊಂಡಿದ್ದೆವು. ಅವನು ಎಂದೂ ಮಾಡದಷ್ಟು ಅವಸರ ಮಾಡಿದ. "ಹೊತ್ತ ಬದ್ಲಾಗೂದ್ರಾಗ ಹಚ್ರಿ. ಬಿಸಲ ಇದ ಇರಬೇಕು." ಪಿನ್ನು ಹೊಡೆಯುವಾಗ ಒಮ್ಮೆ ನಿಂತು ಎದೆ ತಿಕ್ಕಿಕೊಂಡ. ಸಾಕು, ನಾಳೆ ಮಾಡೋಣ ಎಂದೆ. "ನಾಳಿ ಬಿಸಲ ಬ್ಯಾರೆ ಇರತೈತಿ" ಎಂದ.

ಪಟ್ಟಾ ಹರಿಯತೊಡಗಿತು. ಗಿಡಗಳು ಬಿದ್ದು, ಮಲಗಿ, ನಡುವಿಗೆ ಬಂದು ಒಳಗೆ ಹೋಗುವುದನ್ನು ನಾನು ಪಕ್ಕದಲ್ಲಿ ನಡೆಯುತ್ತಾ ನೋಡಿದೆ. ಆಯಿ ಮಷೀನಿನ ಹಿಂದೆ ನಡೆದಳು. ಆಗಾಗ ಬಗ್ಗಿ ನೆಲ ನೋಡುವಳು. ಹೊಟ್ಟು ಮುಚ್ಚಿಕೊಂಡಿದ್ದರಿಂದ ಅವಳಿಗೂ ಏನೂ ತಿಳಿಯುತ್ತಿರಲಿಲ್ಲ. ಹೊಲ ಮುಗಿದ ಮೇಲೆ ಅವನು ಎರಡನೆಯ ಸಲ ಟವೆಲ್ಲು ಹಾಸಿದ. ಕೂತವನು ಏಳಲು ನನ್ನ ಕೈ ಹಿಡಿದ. ಅವನು ಹಾಗೆ ಎಂದೂ ಹಿಡಿದಿರಲಿಲ್ಲ.

"ಏನಾತು? ಹೇಳಪಾ" ಎಂದಳು ಆಯಿ.

"ಕೈ ಆರ್ಲಿ, ಬೇ. ಮುಂಜಾನಿ ಬಂದು ಹೇಳ್ತೀನಿ."

ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. ಒಂದು ಗಂಟು ಎದೆಯ ಮೇಲೆ, ಒಂದು ಬೆನ್ನ ಮೇಲೆ. ಅವನು ಎದ್ದು ಓಡಾಡುವುದನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ. ಆ ರಾತ್ರಿ ಊಟ ಬೇಡವೆಂದು ಮಲಗಿದನಂತೆ. ಎದೆ ನೋವು ಹೆಚ್ಚಿದ ಮೇಲೆ ವಿಜಯಪುರದ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಊರು ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಎದೆ ಉರಿ ಮಿರ್ಚಿಯದಾಗಿರಲಿಲ್ಲ.

ತಿಕೋಟಾದ ಅವನ ಮನೆಯಲ್ಲಿ ಬುದ್ಧನ ಪಟದ ಮುಂದೆ ಅವನನ್ನು ಬಿಳಿಯ ಬಟ್ಟೆ ಹೊದಿಸಿ ಮಲಗಿಸಿದ್ದರು. ಅವರ ಸಮಾಜದ ಹಿರಿಯರೊಬ್ಬರು ಬುದ್ಧವಂದನೆ ಹೇಳಿಸಿದರು, ನೆರೆದವರು ಹಿಂದಿನಿಂದ ಹೇಳಿದರು. ನನಗೆ ಆ ಮಾತುಗಳು ಬರುತ್ತಿರಲಿಲ್ಲ. ಹುಣ್ಣಿಮೆಗೊಮ್ಮೆ ಅವನು ಬಿಳಿ ಅಂಗಿ ಹಾಕಿಕೊಂಡು ನಗರದ ಬುದ್ಧವಿಹಾರಕ್ಕೆ ಬಂದು, ಹೋಗುವಾಗ ಅಂಗಡಿಯಲ್ಲಿ ಇಳಿಯುತ್ತಿದ್ದ. ಆ ದಿನ ಮಾತ್ರ ಟೈರಿನ ಮೇಲೆ ಕೂಡದೆ ನಿಂತೇ ಚಹಾ ಕುಡಿಯುತ್ತಿದ್ದ, ಅಂಗಿ ಮಸಿಯಾಗುತ್ತದೆಂದು. ಈಗ ಮಲಗಿದ್ದವನ ಅಂಗೈಗಳನ್ನು ನೋಡಿದೆ. ಎರಡೂ ಮೇಲ್ಮುಖವಾಗಿ ತೆರೆದಿದ್ದವು.

ಮಣ್ಣು ಮಾಡಿ ಬಂದ ಮೇಲೆ, ಸ್ವಲ್ಪ ದಿನ ಬಿಟ್ಟು, ನನಗೆ ಟವೆಲ್ಲಿನ ನೆನಪಾಯಿತು. ಅಂಥ ಮನೆಯಲ್ಲಿ ಅದನ್ನು ಹೇಗೆ ಕೇಳುವುದು ಎಂದು ಎರಡು ಸಲ ಹೋಗಿ ಸುಮ್ಮನೆ ಕೂತು ಬಂದೆ. ಮೂರನೆಯ ಸಲ ಅವನ ಹೆಂಡತಿಯನ್ನು ಕೇಳಿದೆ. "ಅವತ್ತ ಹೊತಗೊಂಡಿದ್ದ ಟವೆಲ್ಲೇನ್ರಿ?" ಎಂದು ಒಳಗೆ ಹೋಗಿ ತಂದಳು. ಒಗೆದು, ಒಣಗಿಸಿ, ನೀಟಾಗಿ ಮಡಿಚಿ ಇಟ್ಟಿದ್ದರು. ಚುಂಗುಗಳಲ್ಲಿ ಗಂಟು ಹಾಕಿದ್ದ ಕಡೆ ಸುಕ್ಕು ಮಾತ್ರ ಉಳಿದಿತ್ತು.

"ಇದ್ರಾಗ ಕಾಳ ಇದ್ವಲ್ರಿ?"

"ಹೂಂ ರೀ, ಇದ್ವು. ನಮ್ಮ ಅಕ್ಕ ಅರಬಿ ಒಗೀವಾಗ ಬಿಚ್ಚಿ ತಗದಿಟ್ಟಾಳ." ಗೋಡೆಯ ಗೂಡಿನಿಂದ ಒಂದು ಸ್ಟೀಲಿನ ವಾಟಿ ತಂದು ನನ್ನ ಮುಂದಿಟ್ಟಳು. "ಬೀಜಕ್ಕ ತಂದಿದ್ರೋ ಏನೋ ಅಂತ ಚೆಲ್ಲಲಿಲ್ಲ."

ಎರಡೂ ಗಂಟಿನ ಕಾಳು ಒಂದೇ ವಾಟಿಯಲ್ಲಿದ್ದವು. ದುಂಡಗೆ, ಹಳದಿಯಾಗಿ, ಒಂದರಂತೆ ಒಂದು. ನಾನು ವಾಟಿಯಲ್ಲಿ ಬೆರಳಾಡಿಸಿದೆ. ಯಾವುದು ಯಾವುದರಿಂದ ಬಿದ್ದದ್ದು ಎಂದು ಕಾಳು ಹೇಳುವುದಿಲ್ಲ.

"ಯಾಕ್ರಿ? ಬೇಕಾಗಿದ್ವೇನು?" ಎಂದು ಅವಳು ಗಾಬರಿಯಾದಳು.

"ಇಲ್ರಿ. ಬೀಜಕ್ಕ ತಂದಿದ್ದ. ಇರ್ಲಿ" ಎಂದೆ. ಮತ್ತೇನು ಹೇಳಲಿ? ಹಾಗೆ ಮಾಡಿದ್ದರಲ್ಲಿ ತಪ್ಪೇನಿದೆ? ಸತ್ತವನ ಬಟ್ಟೆ ಒಗೆಯುತ್ತಾರೆ. ಬಟ್ಟೆಯಲ್ಲಿದ್ದ ಕಾಳನ್ನು ತೆಗೆದಿಡುತ್ತಾರೆ. ಹಿಂದಿರುಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಕೂತೆ. ಅವನು ಸತ್ತ ದಿನ ಬಾರದ ಅಳು ಆಗ ಬಂತು.

ಅದೇ ದಿನಗಳಲ್ಲಿ ಹಿಂಗಾರಿ ಮಳೆ ಎರಡು ದಿನ ಹಿಡಿದು ಹೊಡೆಯಿತು. ಅದಾದ ಮೇಲೆ ಘೋಣಸಗಿಯಿಂದ ಹಾಲಿನ ಗಾಡಿಯವನ ಕೈಯಲ್ಲಿ ಆಯಿ ಹೇಳಿ ಕಳಿಸಿದಳು: ಕುಂಟೆ ಹೊಡೆದು ಹೊಲ ಹರಗುವುದಿದೆ, ಅದಕ್ಕೂ ಮೊದಲು ಒಮ್ಮೆ ಬಂದು ಹೋಗಬೇಕಂತೆ.

ಹೋದೆ. ಬದುವಿನ ಮೇಲೆ ಆಯಿ ಕೂತಿದ್ದಳು. ಬಿಜ್ಜರಗಿ ಕಡೆಯ ಕುರಿಗಾರನೊಬ್ಬ ಆಡುಗಳ ಹಿಂಡು ತಂದು ದಾರಿಯಲ್ಲಿ ತಡೆದು ನಿಲ್ಲಿಸಿದ್ದ. ಸುತ್ತಲಿನ ಹೊಲಗಳಲ್ಲಿ ಜೋಳದ ಬಿತ್ತಿಗೆ ಆಗಲೇ ಮುಗಿಯುತ್ತಿತ್ತು. ಅವಳ ಹೊಲ ಮಾತ್ರ ಕೊಯ್ದದ್ದು ಕೊಯ್ದಂತೆ ಇತ್ತು.

"ಅಂವ ಹೋದ ಸುದ್ದಿ ಕೇಳಿದ್ನೆಪಾ" ಎಂದಳು. "ಬರ್ತೀನಿ ಅಂದಾಂವ ಯಾಕ ಬರ್ಲಿಲ್ಲ ಅಂತ ಎರಡ ದಿನ ಬೈದೆ. ನನಗೇನ ಗೊತ್ತು. ಹರಗಿದ್ರ ಎಲ್ಲಾ ಮುಚ್ಚಿ ಹೋಗ್ತೈತಿ, ನೀನರ ನೋಡ್ಬೇಕಂತ ಬಿಟ್ಟೀನಿ. ನೋಡು."

ನೋಡಿದೆ. ಮಳೆಗೆ ಹೊಟ್ಟು ಕೊಳೆತು ಕುಗ್ಗಿ, ಬಿದ್ದ ಕಾಳೆಲ್ಲ ಮೊಳೆತಿತ್ತು. ಬೇವಿನ ಗಿಡದ ಕಡೆಯ ತುಂಡು ಹೊಸದಾಗಿ ಬಿತ್ತಿದ ಹೊಲದ ಹಾಗೆ ಹಸಿರೋ ಹಸಿರು, ಕಾಲಿಡಲು ಜಾಗವಿರಲಿಲ್ಲ. ಅದರಾಚೆಗೆ, ಪಟ್ಟಾದ ಬಾಯಿ ಕೊಯ್ದ ಕಡೆ, ಕರಿಯ ಮಣ್ಣು. ಅಲ್ಲೊಂದು ಇಲ್ಲೊಂದು ಮೊಳಕೆ. ಆದರೆ ಮಷೀನು ಹೋದ ಒಂದೊಂದು ಪಟ್ಟಿಯ ನಟ್ಟನಡುವೆ, ಎಳೆದು ಬಿಟ್ಟಂತೆ, ಹಸಿರಿನ ಒಂದು ಗೆರೆ ಈ ತುದಿಯಿಂದ ಆ ತುದಿಗೆ ಹೋಗಿತ್ತು.

ಅವನು ಹೇಳಬೇಕಾಗಿದ್ದ ತೀರ್ಪು ಅಲ್ಲಿ ನೆಲದ ಮೇಲಿತ್ತು. ಅವನ ಅಂಗೈ ಹೇಳುತ್ತಿದ್ದುದಕ್ಕಿಂತ ಸ್ಪಷ್ಟವಾಗಿ. ಅವನಿದ್ದಿದ್ದರೆ ಕಾರಣ ಹುಡುಕಲು ಆ ಗೆರೆಯ ಮೇಲೆ ಬೋರಲು ಮಲಗಿಬಿಡುತ್ತಿದ್ದ.

"ಆ ಗೆರಿ ಯಾಕ ಬಿತ್ತು?" ಎಂದಳು ಆಯಿ.

ಪಕ್ಕದ ಪಟ್ಟಾ ನಡುವಿನ ಪಟ್ಟಾಕ್ಕೆ ಗಿಡ ದಾಟಿಸುವ ಸಂದಿನಲ್ಲಿ ಕಾಳು ಸೋರಿರಬಹುದು. ಹಿಂದಿನ ಜರಡಿಯಿಂದ ಬಿದ್ದಿರಬಹುದು. ಬೇರೆ ಏನೋ ಇರಬಹುದು. "ನನಗ ಗೊತ್ತಿಲ್ಲ, ಬೇ."

"ಅಂವಗ ಗೊತ್ತಾಗ್ತಿತ್ತೇನು?"

"ಮುಂಜಾನಿ ಹೇಳ್ತಿದ್ದ."

ಅವಳು ತಲೆಯಾಡಿಸಿದಳು. "ಅಷ್ಟ ಗೆರಿ ಬಿದ್ರ ಬೀಳ್ಲಿ. ಮುಂದಿನ ವರ್ಷ ಪೂರಾ ಹೊಲಾ ನೀನ ಕೊಯ್ಯಿ ಅಂತ ಹೇಳ್ಬೇಕಂತ ಮಾಡಿದ್ದೆ" ಎಂದಳು. ಯಾರಿಗೆ ಹೇಳಬೇಕೆಂದಿದ್ದಳೋ ಅವನ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವನು ಬರೀ ಮಷೀನಿನವನಾಗಿದ್ದ. ನಡೆಸುವುದು ನನಗೆ ಬರುವುದಿಲ್ಲ. ಬೇರೆ ಯಾರನ್ನಾದರೂ ಕೂಡಿಸಬಹುದು. ಅವರು ಕಾಯಿಯನ್ನು ಕಿವಿಗೆ ಹಿಡಿಯುವುದಿಲ್ಲ.

ಆಯಿ ಕುರಿಗಾರನ ಕಡೆ ತಿರುಗಿ, "ಬಿಡಪಾ ಇನ್ನ. ನೋಡುದಾತು" ಎಂದಳು.

ಆಡುಗಳು ಒಮ್ಮೆಲೇ ನುಗ್ಗಿ ಬೇವಿನ ಗಿಡದ ಕಡೆಯ ಹಸಿರಿನಲ್ಲಿ ಹರಡಿಕೊಂಡವು. ಅಲ್ಲಿ ಮೇಯ್ದು ಮುಗಿದ ಮೇಲೆ ಕರಿಯ ಮಣ್ಣಿನ ಕಡೆ ದಾಟಿದವು. ಅಲ್ಲಿ ಹರಡಿಕೊಳ್ಳಲು ಏನೂ ಇರಲಿಲ್ಲ. ಒಂದು ಆಡು ಗೆರೆ ಹಿಡಿಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ತಲೆ ತಗ್ಗಿಸಿ, ಒಂದರ ಹಿಂದೆ ಒಂದು, ಮೆರವಣಿಗೆಯ ಹಾಗೆ ನಿಧಾನವಾಗಿ, ಅವನು ಮಷೀನು ನಡೆಸಿಕೊಂಡು ಹೋದ ದಾರಿಯಲ್ಲೇ ಆ ತುದಿಗೆ ಹೋದವು.

ಸಂಜೆಯಾಗುವಷ್ಟರಲ್ಲಿ ಎರಡೂ ತುಂಡು ಒಂದೇ ಬಣ್ಣಕ್ಕೆ ಬಂದವು.